ಲೈಫ್ ಸರ್ಟಿಫಿಕೇಟಿನಲ್ಲಿ ಇಲ್ಲದ ಕಾಲಂ

ಮಾನ್ಯ ಮುಖ್ಯಮಂತ್ರಿ ಶ್ರೀ ಎನ್. ಚಂದ್ರಬಾಬು ನಾಯ್ಡು ಅವರಿಗೆ,
ಅಮರಾವತಿ.

ಪರಿಗಿಯಿಂದ ಬರೆಯುತ್ತಿದ್ದೇನೆ.

ಕಾಗದ ಕನ್ನಡದಲ್ಲಿದೆ. ಅದಕ್ಕೆ ಕ್ಷಮೆ ಕೇಳುತ್ತಿಲ್ಲ. ನಿಮ್ಮ ಕುಪ್ಪಂ ಕ್ಷೇತ್ರದ ಸಂತೆಯಲ್ಲೂ ತೆಲುಗು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಹಾಗಾಗಿ ಇದನ್ನು ಓದಿ ಹೇಳುವವರನ್ನು ನೀವು ದೂರದಿಂದ ಕರೆಸಬೇಕಾಗಿಲ್ಲ. ನಮ್ಮದೂ ಅಂಥದೇ ಜಾಗ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ಜಯಮಂಗಲಿ ನಮ್ಮ ಕಡೆ ಬಂದು ಪೆನ್ನೆಗೆ ಸೇರುತ್ತದೆ. ಪೆನ್ನೆಯ ಹುಟ್ಟು ನಂದಿಬೆಟ್ಟದ ಸೀಮೆ. ಎರಡೂ ಆಚೆ ರಾಜ್ಯದ ಹೊಳೆಗಳು, ಕೂಡುವುದು ಮಾತ್ರ ಈಚೆ. ಜನವೂ ಹಾಗೆಯೇ. ಮನೆಯೊಳಗೆ ಕನ್ನಡ, ಎಂಆರ್‌ಒ ಆಫೀಸಿನಲ್ಲಿ ತೆಲುಗು, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಎರಡೂ. ಮಡಕಶಿರಾ, ಅಮರಾಪುರಂ, ರೊಳ್ಳದ ಕಡೆ ಹೋದರೆ ಕನ್ನಡ ಶಾಲೆಗಳೇ ಇವೆ. ಭಾಷೆಯ ತಕರಾರು ತೆಗೆಯಲು ಈ ಪತ್ರ ಬರೆಯುತ್ತಿಲ್ಲ. ಒಂದು ವಾಲಿಬಾಲ್ ನೆಟ್ಟಿನ ವಿಷಯಕ್ಕೆ ಬರೆಯುತ್ತಿದ್ದೇನೆ.

ಪ್ರತಿ ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಸರ್ಕಾರಕ್ಕೆ ತೋರಿಸಬೇಕು, ನಿಮಗೆ ಗೊತ್ತು. ಲೈಫ್ ಸರ್ಟಿಫಿಕೇಟ್ ಅನ್ನುತ್ತಾರೆ. ನಮ್ಮ ಬೀದಿಯ ಮಾಜಿ ಸೈನಿಕರೊಬ್ಬರನ್ನು ಈ ಕೆಲಸಕ್ಕೆ ನಾಲ್ಕೈದು ವರ್ಷ ನಾನೇ ಕರೆದುಕೊಂಡು ಹೋಗಿದ್ದೆ. ಊರಿಗೆಲ್ಲ ಅವರು ಮಿಲ್ಟ್ರಿ ತಾತ. ಬೆರಳಚ್ಚಿನ ಮಿಷನ್ ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಲಾರಿಯ ಸ್ಟೇರಿಂಗು, ಆಮೇಲೆ ಕಡಲೆಕಾಯಿ ಹೊಲ, ಸುಣ್ಣದ ಡಬ್ಬಿ, ಇವೆಲ್ಲ ಸೇರಿ ಆ ಬೆರಳಿನ ಗೆರೆಗಳನ್ನು ಸವೆಸಿಬಿಟ್ಟಿದ್ದವು. ಕೌಂಟರಿನ ಹುಡುಗ ಒಂದು ಸಲ ಒದ್ದೆ ಬಟ್ಟೆಯಿಂದ ಒರೆಸಿ ಇಡಿಸಿದ, ಇನ್ನೊಂದು ಸಲ ತಲೆಗೆ ಸವರಿ ಎಣ್ಣೆ ಹತ್ತಿಸಿ ಇಡಿಸಿದ. ಆಗಲಿಲ್ಲ. "ಬೇರೆ ಬೆರಳು ಇಡಿ ತಾತ" ಎಂದ. ಹತ್ತೂ ಬೆರಳು ಮುಗಿದ ಮೇಲೆ ತಾತ ನನ್ನ ಕಡೆ ತಿರುಗಿ, "ಸತ್ತೋದೆ ಅಂತ ಬರ್ಕೊಳ್ಲಿ ಬಿಡಪ್ಪ, ಸಾಯಂಕಾಲ ಹುಡುಗ್ರು ಕಾಯ್ತಿರ್ತಾರೆ, ಹೋಗಾಣ" ಎಂದರು.

ಅವತ್ತು ಆ ಫಾರಂ ಅನ್ನು ಪೂರ್ತಿ ಓದಿದೆ. ಹೆಸರು, ಪಿಂಚಣಿ ನಂಬರು, ಬ್ಯಾಂಕ್ ಖಾತೆ, ಬೇರೆಲ್ಲಾದರೂ ಕೆಲಸಕ್ಕೆ ಸೇರಿದ್ದೀರಾ ಎಂಬ ಪ್ರಶ್ನೆ. ಬದುಕಿದ್ದೀರಾ ಎಂದು ಕೇಳುವ ಕಾಗದ ಅದು. ಬದುಕಿ ಏನು ಮಾಡುತ್ತಿದ್ದೀರಿ ಎಂದು ಕೇಳುವ ಕಾಲಂ ಅದರಲ್ಲಿಲ್ಲ. ನಿಮ್ಮ ಸರ್ಕಾರದ ಬೇರೆ ಯಾವ ಕಾಗದದಲ್ಲೂ ನಾನು ಅದನ್ನು ಕಂಡಿಲ್ಲ.

ತಾತ 1964ರಲ್ಲಿ ಸೇನೆ ಸೇರಿದವರು. ಚೀನಾ ಯುದ್ಧದ ಮೇಲೆ ಭರ್ತಿ ಜೋರಾಗಿದ್ದ ಕಾಲ. 1971ರಲ್ಲಿ ಪಶ್ಚಿಮದ ಗಡಿಯಲ್ಲಿ ಲಾರಿ ಓಡಿಸಿದರು. ಯುದ್ಧದ ಕಥೆ ಹೇಳಿ ಎಂದರೆ ಒಂದೇ ಕಥೆ: ದೀಪ ಹಚ್ಚದೆ ರಾತ್ರಿಯೆಲ್ಲ ಗಾಡಿ ಓಡಿಸಿ ರೊಟ್ಟಿ ತಲುಪಿಸಿದ್ದು, ತಲುಪುವ ಹೊತ್ತಿಗೆ ರೊಟ್ಟಿ ಹಪ್ಪಳವಾಗಿದ್ದು, ಆದರೂ ಯಾರೂ ಬೈಯದಿದ್ದದ್ದು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ತೊಂಬತ್ತಮೂರು ಸಾವಿರ ಜನ ಶರಣಾದರಂತೆ, ನಿಮಗೆ ಹೇಗೆ ಗೊತ್ತಾಯಿತು ಎಂದರೆ, "ರೇಡಿಯೋದಾಗೆ" ಅನ್ನುತ್ತಿದ್ದರು. ಹುಡುಗರಾಗಿದ್ದ ನಮಗೆ ಬಹಳ ನಿರಾಸೆಯಾಗುತ್ತಿತ್ತು.

ಹದಿನೇಳು ವರ್ಷದ ಸರ್ವಿಸು ಮುಗಿಸಿ 1981ರಲ್ಲಿ ಊರಿಗೆ ಬಂದರು. ಕಪ್ಪು ಟ್ರಂಕಿನಲ್ಲಿ ಒಂದು ಕಂಬಳಿ, ಒಂದು ವಿಷಲ್ಲು, ಒಂದು ವಾಲಿಬಾಲ್ ನೆಟ್ಟು. ನೆಟ್ಟನ್ನು ಹೇಗೆ ತಂದರು ಎಂದು ಯಾರೂ ಕೇಳಲಿಲ್ಲ. ಈಗಲೂ ಕೇಳಬಾರದು.

ಶಾಲೆಯ ಹಿಂದಿನ ಬಯಲಿನಲ್ಲಿ ಅವರು ಅಂಕಣ ಹಾಕುವುದನ್ನು ನೋಡಬೇಕಿತ್ತು. ಅವರ ಬಳಿ ಒಂದು ನಾರಿನ ಹಗ್ಗವಿತ್ತು. ಒಂಬತ್ತು ಮೀಟರಿಗೆ ಒಂದು ಗಂಟು, ಹದಿನೆಂಟಕ್ಕೆ ಇನ್ನೊಂದು. ಮೂಲೆಯಲ್ಲಿ ಗೂಟ ಹೊಡೆದು, ಹಗ್ಗದ ತುದಿಯನ್ನು ಚಿಕ್ಕ ಹುಡುಗನೊಬ್ಬನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿಸಿ, ಅದರ ನೇರಕ್ಕೆ ತಾವು ಹಿಂದೆ ಹಿಂದೆ ನಡೆಯುತ್ತ ಹಾಲಿನ ಪುಡಿಯ ಹಳೇ ಡಬ್ಬಿಯಿಂದ ಸುಣ್ಣ ಉದುರಿಸುತ್ತ ಬರುತ್ತಿದ್ದರು. ಡಬ್ಬಿಯ ತಳಕ್ಕೆ ಮೊಳೆಯಲ್ಲಿ ಹೊಡೆದ ತೂತುಗಳು. ಮೂಲೆ ಸರಿಯಾಗಿದೆಯೇ ಎಂದು ನೋಡಲು ಮೂಲೆಯಿಂದ ಮೂಲೆಗೆ ಅಡ್ಡ ಅಳೆದು, ಎರಡೂ ಅಳತೆ ಒಂದೇ ಬಂದರೆ ತಲೆ ಆಡಿಸುವರು. ಬರದಿದ್ದರೆ ಗೂಟ ಕಿತ್ತು ಮತ್ತೆ ಮೊದಲಿನಿಂದ. ಗಣಿತದ ಮೇಷ್ಟ್ರು ಹಲಗೆಯ ಮೇಲೆ ಬಿಡಿಸಿದ್ದ ಕರ್ಣ ನನಗೆ ಅರ್ಥವಾದದ್ದು ಆ ಮಣ್ಣಿನಲ್ಲಿ. ನೆಟ್ಟಿನ ಎತ್ತರ ಎರಡು ಮೀಟರ್ ನಲವತ್ತಮೂರು ಸೆಂಟಿಮೀಟರ್. ನಮ್ಮ ಹುಡುಗರಿಗೆ ಅದು ಎಟುಕುತ್ತಿರಲಿಲ್ಲ. ತಗ್ಗಿಸಿ ತಾತ ಎಂದರೆ, "ನೆಟ್ ತಗ್ಗಲ್ಲ, ನೀನು ಬೆಳಿ" ಅನ್ನುತ್ತಿದ್ದರು. ಹೆಣ್ಣುಮಕ್ಕಳ ಆಟದ ದಿನ ಮಾತ್ರ ನಿಯಮದ ಪ್ರಕಾರ ತಗ್ಗುತ್ತಿತ್ತು. ಹೆಣ್ಣುಮಕ್ಕಳಿಗೆ ಒಂದು ದಿನ ಇರಬೇಕು ಎಂದು 1980ರ ದಶಕದಲ್ಲಿ ನಮ್ಮಂಥ ಊರಿನಲ್ಲಿ ಹಟ ಹಿಡಿದವರು ಅವರೊಬ್ಬರೇ. ಅದಕ್ಕಾಗಿ ತಿಂದ ಬೈಗುಳದ ಕಥೆಯನ್ನು ಅವರು ರೊಟ್ಟಿಯ ಕಥೆಗಿಂತ ಚೆನ್ನಾಗಿ ಹೇಳುತ್ತಿದ್ದರು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಧವಾ ಪಿಂಚಣಿಯ ಅರ್ಜಿ ಬರೆದುಕೊಟ್ಟರು. ಹಾವು ಕಚ್ಚಿದವರನ್ನು ರಾತ್ರಿಯಲ್ಲಿ ಲೂನಾ ಮೇಲೆ ಕೂರಿಸಿಕೊಂಡು ಹಿಂದೂಪುರಕ್ಕೆ ಓಡಿದರು. ಕೆರೆಗೆ ನೀರು ತರುವ ಕಾಲುವೆಯ ಹೂಳನ್ನು ವರ್ಷಕ್ಕೊಂದು ಭಾನುವಾರ ವಾಲಿಬಾಲ್ ಹುಡುಗರ ಕೈಲೇ ಎತ್ತಿಸಿದರು. ಬರದಿದ್ದವರಿಗೆ ಆ ವಾರ ಆಟವಿಲ್ಲ. ಬೆಂಗಳೂರಿನ ಮಿಲಿಟರಿ ಕ್ಯಾಂಟೀನಿನಿಂದ ತಿಂಗಳಿಗೊಮ್ಮೆ ಬಾಟಲಿಯ ಕೋಟಾ ತರುವ ದಿನ ಅವರ ಜಗಲಿಯ ಮೇಲೆ ಬಹಳ ಜನ ದೇಶಭಕ್ತರು ಸೇರುತ್ತಿದ್ದರು. ಮರುದಿನ ಕಂಬ ಹೂಳಲು ಕರೆದರೆ ಅವರಲ್ಲಿ ಒಬ್ಬರೂ ಸಿಕ್ಕುತ್ತಿರಲಿಲ್ಲ.

ನಲವತ್ತಮೂರು ವರ್ಷ ಹೀಗೆ ಬದುಕಿ 2024ರಲ್ಲಿ ತೀರಿಕೊಂಡರು. ಹೆಸರು ಬರೆಯುತ್ತಿಲ್ಲ. ಅವರ ಮನೆಯವರಿಗೆ ಇಷ್ಟವಿಲ್ಲ. ಶಾಲೆಯ ಹೆಸರನ್ನೂ ಬರೆಯುತ್ತಿಲ್ಲ. ಬರೆದರೆ ಅಲ್ಲಿನ ಹೆಡ್‌ಮಾಸ್ತರರಿಗೆ ಮೆಮೊ ಹೋಗುತ್ತದೆ, ಅಷ್ಟಕ್ಕೆ ನಿಮ್ಮ ಆಡಳಿತದ ಕರ್ತವ್ಯ ಮುಗಿಯುತ್ತದೆ. ನನಗೆ ಅದು ಬೇಡ.

ಸ್ವಾಮಿ, ನಮ್ಮ ಪರಿಗಿ ಹಳೇ ಊರು. ಶಾಸನಗಳಲ್ಲಿ ಬರುವ ಪರುವಿ ಇದೇ ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಬಾಣರು ಆಳಿದ ಸೀಮೆ. ಈ ಕಡೆಯ ಬಯಲಿನಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ಸಿಗುತ್ತವೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ತುರು ಕಾಯುತ್ತ ಸತ್ತವನಿಗೆ ಕಲ್ಲು, ಊರು ಕಾಯುತ್ತ ಸತ್ತವನಿಗೆ ಕಲ್ಲು. ಮಂಡ್ಯದ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಸುಮಾರು 949ರಲ್ಲೇ ಕಲ್ಲು ನಿಂತಿತು. ಆ ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಾದಾಡಿ, ಸಾಯದೆ, ಮನೆಗೆ ಬಂದು, ಮುಂದಿನ ನಲವತ್ತು ವರ್ಷ ಊರಿನ ಮಕ್ಕಳನ್ನು ಓಡಿಸಿ ಬೆಳೆಸಿದವನ ಕಲ್ಲನ್ನು ನಾನು ಎಲ್ಲೂ ಕಂಡಿಲ್ಲ. ಸಾವಿರ ವರ್ಷದ ಈ ಅಭ್ಯಾಸವನ್ನು ಸರ್ಕಾರಗಳೂ ಹಾಗೇ ಮುಂದುವರಿಸಿವೆ. ಸೈನಿಕ ಸತ್ತರೆ ನೀವು ಬರುತ್ತೀರಿ. ಬದುಕಿ ಬಂದರೆ ಬಸ್ ಸ್ಟಾಂಡಿನಿಂದ ಅವನೇ ನಡೆದುಕೊಂಡು ಮನೆಗೆ ಹೋಗಬೇಕು.

ಹೆಸರಿಲ್ಲದವರ ಮಾತು ನಿಮಗೆ ತೂಕವಿಲ್ಲದ್ದು ಅನ್ನಿಸಿದರೆ ಹೆಸರಿರುವವರ ಕಡೆಗೇ ಬರೋಣ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ. ಹುಟ್ಟಿದ್ದು 1899ರ ಜನವರಿ 28, ಕೊಡಗಿನ ಶನಿವಾರಸಂತೆಯಲ್ಲಿ. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದದ್ದು 1949ರ ಜನವರಿ 15. ಆ ತಾರೀಕನ್ನು ಪ್ರತಿ ವರ್ಷ ಸೇನಾ ದಿನವೆಂದು ಆಚರಿಸುತ್ತೇವೆ, ಶಾಲೆಯ ಮಕ್ಕಳಿಗೂ ಗೊತ್ತು. ನಿವೃತ್ತರಾದದ್ದು 1953ರ ಜನವರಿ, ತೀರಿಕೊಂಡದ್ದು 1993ರ ಮೇ 15. ಲೆಕ್ಕ ಹಾಕಿ ನೋಡಿ. ಸಮವಸ್ತ್ರ ಕಳಚಿದ ಮೇಲೆ ಅವರು ಬದುಕಿದ್ದು ನಲವತ್ತು ವರ್ಷ. ತೊಟ್ಟಿದ್ದಕ್ಕಿಂತ ಹೆಚ್ಚು. ಆ ನಲವತ್ತು ವರ್ಷದ ವಿಷಯ ಯಾವ ಮಗುವಿಗೆ ಗೊತ್ತು?

ಹುಡುಗನಾಗಿದ್ದಾಗ ಹಾಕಿ, ಟೆನಿಸ್ ಆಡಿದವರು ಅವರು. ಮಡಿಕೇರಿಯ ಪ್ರತಿ ಮನೆಯಲ್ಲೂ ಹಾಕಿ ಕೋಲು ಇರುವುದರಿಂದ ಇದರಲ್ಲಿ ವಿಶೇಷವೇನಿಲ್ಲ. ವಿಶೇಷ ಇರುವುದು ಆಮೇಲೆ. ದೇಶದ ಕ್ರೀಡೆಗೆ ದಿಕ್ಕು ತೋರಿಸಲೆಂದು 1954ರಲ್ಲಿ ಅಖಿಲ ಭಾರತ ಕ್ರೀಡಾ ಮಂಡಳಿ ಆಯಿತಲ್ಲ, ಆರಂಭದ ವರ್ಷಗಳಲ್ಲಿ ಅದರ ಅಧ್ಯಕ್ಷರಾಗಿದ್ದವರು ಈ ಜನರಲ್. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಹೋಗಿಬಂದ ಮೇಲೆ ಮಡಿಕೇರಿಯ ತಮ್ಮ ಮನೆ 'ರೋಶನಾರಾ'ದಲ್ಲಿ ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ. ಅಲ್ಲಲ್ಲಿ ಚದುರಿಹೋಗಿದ್ದ ಮಾಜಿ ಸೈನಿಕರನ್ನು ಒಂದು ಸೂರಿನ ಕೆಳಗೆ ತರಲು 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಮರುವರ್ಷವೇ ಯುದ್ಧ. ವಿಮಾನ ಹಾರಿಸುತ್ತಿದ್ದ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕ. ತಮ್ಮ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಚೆ ಕಡೆಯ ಅಧ್ಯಕ್ಷ. ಬೇಕಾದರೆ ಮಗನನ್ನು ಬಿಡಿಸಿಕೊಡುವ ಸೂಚನೆ ಬಂತು. ಸೆರೆಯಲ್ಲಿರುವ ಹುಡುಗರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂಬರ್ಥದ ಉತ್ತರ ಹೋಯಿತು. ಈ ಒಂದು ಕಥೆಯನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ, ಅದರಲ್ಲಿ ರೋಮಾಂಚನವಿದೆ ಎಂದು. ಲೀಗು ಕಟ್ಟಲು ಊರೂರು ಅಲೆದದ್ದರಲ್ಲಿ, ಮಾಜಿ ಸಿಪಾಯಿಗಳ ಅರ್ಜಿ ಹಿಡಿದು ಆಫೀಸು ಹತ್ತಿದ್ದರಲ್ಲಿ ರೋಮಾಂಚನವಿಲ್ಲ. ಆದ್ದರಿಂದ ಅದನ್ನು ಯಾರೂ ಹೇಳುವುದಿಲ್ಲ. ಫೀಲ್ಡ್ ಮಾರ್ಷಲ್ ಪದವಿ ಕೊಟ್ಟದ್ದು 1986ರಲ್ಲಿ. ಆಗ ಅವರಿಗೆ ಎಂಬತ್ತೇಳು.

ಕೊಡಗಿನವರಿಗೆ ಒಂದು ವಿಷಯ ಗೊತ್ತಾಗಿದೆ, ನಮಗೆ ಗೊತ್ತಾಗಿಲ್ಲ. ಸೈನ್ಯದಿಂದ ಬಂದವನಿಗೆ ಮೈದಾನ ಬೇಕು. ಮೈದಾನಕ್ಕೂ ಅವನು ಬೇಕು. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಇಟ್ಟರು. ಮೊದಲ ವರ್ಷ ಅರವತ್ತು ಕುಟುಂಬಗಳು. 2024ರಲ್ಲಿ ಮುನ್ನೂರರವತ್ತು ತಂಡ ಬಂದು ಗಿನ್ನೆಸ್ ಪುಸ್ತಕಕ್ಕೂ ಹೋಯಿತು. ರಜೆಯ ಮೇಲೆ ಬಂದ ಸಿಪಾಯಿ, ನಿವೃತ್ತ ಸುಬೇದಾರ, ಅವರ ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಕೊಡಗಿನ ಸೈನಿಕರನ್ನು ನಾಡು ನೆನಪಿಟ್ಟುಕೊಂಡಿರುವುದಕ್ಕೆ ಪ್ರತಿಮೆಗಳು ಅರ್ಧ ಕಾರಣ. ಉಳಿದರ್ಧ ಈ ಆಟ.

ಯುದ್ಧಕ್ಕೂ ಆಟಕ್ಕೂ ಇರುವ ಈ ನಂಟನ್ನು ಕೊಡಗಿನವರಷ್ಟೇ ಕಂಡವರಲ್ಲ. 1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ಸ್ ಶುರುವಾದ ದಿನವೇ, ಸ್ಟೋಕ್ ಮ್ಯಾಂಡವಿಲ್ ಎಂಬ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು, ಗಾಲಿಕುರ್ಚಿಯಲ್ಲಿದ್ದ ಹದಿನಾರು ಮಂದಿ ಮಾಜಿ ಯೋಧರ ಕೈಗೆ ಬಿಲ್ಲು ಬಾಣ ಕೊಟ್ಟರು. ಹದಿನಾಲ್ಕು ಗಂಡಸರು, ಇಬ್ಬರು ಹೆಂಗಸರು. ಬೆನ್ನುಹುರಿ ಮುರಿದವರು ಹಾಸಿಗೆಯಲ್ಲೇ ಸಾಯುವವರು ಎಂದು ನಂಬಿದ್ದ ಕಾಲ. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ.

ನಮ್ಮಲ್ಲೂ ಒಬ್ಬರಿದ್ದಾರೆ. ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್. ಜತ್ತದ ಕನ್ನಡಿಗರು ಇರುವ ಅದೇ ಗಡಿ ಜಿಲ್ಲೆ. ಸೇನೆಯ ಬಾಕ್ಸರ್. 1965ರ ಯುದ್ಧದಲ್ಲಿ ಸಿಯಾಲ್ಕೋಟ್ ವಲಯದಲ್ಲಿ ಗುಂಡೇಟು ತಿಂದರು, ಒಂದು ಗುಂಡು ಬೆನ್ನಿನಲ್ಲೇ ಉಳಿಯಿತು. ಬಾಕ್ಸಿಂಗ್ ಹೋಯಿತು, ಈಜು ಹಿಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಐವತ್ತು ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ, ಅರ್ಜುನ ಜೀವಮಾನ ಪ್ರಶಸ್ತಿ 2025ರ ಜನವರಿಯಲ್ಲಿ. ಅದೂ ಅವರ ಮೇಲೊಂದು ಹಿಂದಿ ಸಿನಿಮಾ ಬಂದ ಮೇಲೆ. ಮೂವತ್ತೇಳು ಸೆಕೆಂಡಿನಲ್ಲಿ ಅವರು ಮಾಡಿದ್ದನ್ನು ಓದಿಕೊಳ್ಳಲು ಈ ದೇಶಕ್ಕೆ ಸುಮಾರು ಅರ್ಧ ಶತಮಾನ ಹಿಡಿಯಿತು. ಚಿನ್ನ ಗೆದ್ದವರಿಗೇ ಹೀಗೆ. ಹಾಲಿನ ಪುಡಿ ಡಬ್ಬಿಯಲ್ಲಿ ಗೆರೆ ಎಳೆದವರಿಗೆ ಇನ್ನೆಷ್ಟು ವರ್ಷ ಬೇಕೋ.

ಈಗ ನಿಮಗೆ ಹತ್ತಿರದ ವಿಷಯ. ನಮ್ಮ ಪರಿಗಿ ಇರುವುದು ಪೆನುಕೊಂಡ ವಿಧಾನಸಭಾ ಕ್ಷೇತ್ರದಲ್ಲಿ. ಅದೇ ಕ್ಷೇತ್ರದ ಗೋರಂಟ್ಲ ಮಂಡಲ, ಕಲ್ಲಿ ತಾಂಡಾ. 2025ರ ಮೇ 9ರಂದು ಗಡಿಯಲ್ಲಿ ಪ್ರಾಣ ಕೊಟ್ಟ ಅಗ್ನಿವೀರ ಮುರಳಿ ನಾಯಕ್ ಆ ತಾಂಡಾದ ಹುಡುಗ. ಅವತ್ತು ನಿಮ್ಮ ಸರ್ಕಾರ ಆ ಮನೆಗೆ ಹೋಯಿತು, ಮಂತ್ರಿಗಳು ಹೆಗಲು ಕೊಟ್ಟರು, ಪರಿಹಾರ ಘೋಷಿಸಿದಿರಿ. ಆಗಬೇಕಾದ್ದೇ, ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಾನು ಕೇಳುವುದು ಅವನ ಜೊತೆ ಸೇರಿ, ಬದುಕಿರುವ ಹುಡುಗರ ವಿಷಯ.

ಅಗ್ನಿಪಥ ಯೋಜನೆ ಪ್ರಕಟವಾದದ್ದು 2022ರ ಜೂನ್ 14. ನಾಲ್ಕು ವರ್ಷದ ಸೇವೆ. ಆಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಸೇನೆ ಉಳಿಸಿಕೊಳ್ಳುತ್ತದೆ, ಮಿಕ್ಕವರ ಕೈಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಕೊಟ್ಟು ಮನೆಗೆ ಕಳುಹಿಸುತ್ತದೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಮೊದಲ ತಂಡದ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೈದು ವರ್ಷದ ಹುಡುಗರು. ನಮ್ಮ ತಾತನಿಗೆ ಕನಿಷ್ಠ ಬದುಕಿದ್ದೇನೆ ಎಂದು ಹೇಳಿಕೊಳ್ಳಲು ವರ್ಷಕ್ಕೊಂದು ಫಾರಂ ಇತ್ತು. ಈ ಹುಡುಗರಿಗೆ ಅದೂ ಇರುವುದಿಲ್ಲ. ದೆಹಲಿಯ ಸರ್ಕಾರ ನಿಂತಿರುವುದರಲ್ಲಿ ನಿಮ್ಮ ಪಕ್ಷದ ಹದಿನಾರು ಲೋಕಸಭಾ ಸದಸ್ಯರ ಪಾಲಿದೆ. ಅಮರಾವತಿಗೆ, ಪೋಲವರಕ್ಕೆ ಆ ಹದಿನಾರನ್ನು ಲೆಕ್ಕಕ್ಕೆ ಹಿಡಿದು ಕೇಳುತ್ತೀರಿ, ತಪ್ಪಿಲ್ಲ. ಆ ಹುಡುಗರನ್ನು ಮಾಜಿ ಸೈನಿಕರೆಂದು ಕರೆಯಿರಿ ಎಂದು ಒಂದು ಸಲ ಕೇಳಿದಿರಾ?

ಆಟದ ವಿಷಯದಲ್ಲಿ ನೀವು ತಿಳಿಯದವರಲ್ಲ. 2002ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಕ್ರೀಡಾಕೂಟ, 2003ರಲ್ಲಿ ಆಫ್ರೋ-ಏಷ್ಯನ್ ಕೂಟ, ಗಚ್ಚಿಬೌಲಿಯ ಮೈದಾನಗಳು, ಗೋಪಿಚಂದ್ ಅವರ ಅಕಾಡೆಮಿಗೆ ಐದು ಎಕರೆ, ಎಲ್ಲ ನಿಮ್ಮ ಕಾಲದವು. ಆ ಐದು ಎಕರೆಯಿಂದ ಒಲಿಂಪಿಕ್ ಪದಕಗಳು ಬಂದವು, ಒಪ್ಪುತ್ತೇನೆ. ಈಗಿನ ನಿಮ್ಮ ಕ್ರೀಡಾ ನೀತಿಯಲ್ಲಿ ಕ್ರೀಡಾಪಟುಗಳ ಉದ್ಯೋಗ ಮೀಸಲಾತಿ ಎರಡರಿಂದ ಮೂರು ಪರ್ಸೆಂಟಿಗೆ ಏರಿದೆ, ಅದೂ ಒಳ್ಳೆಯದೇ. ನಿಮಗಿಂತ ಮುಂಚಿನವರು 'ಆಡುದಾಂ ಆಂಧ್ರಾ' ಎಂದು ರಾಜ್ಯವನ್ನೆಲ್ಲ ಆಡಿಸಿದರು. 2023ರ ಡಿಸೆಂಬರಿನಲ್ಲಿ ಶುರುವಾಗಿ 2024ರ ಫೆಬ್ರವರಿಯಲ್ಲಿ ಮುಗಿಯಿತು. ಅದರ ಖರ್ಚಿನ ತನಿಖೆ ನಿಮಗೆ ಬಿಟ್ಟದ್ದು. ನನ್ನ ತಕರಾರು ಬೇರೆ: ಎರಡು ತಿಂಗಳಲ್ಲಿ ಮುಗಿಯುವುದು ಜಾತ್ರೆ, ಆಟ ಅಲ್ಲ. ಅತ್ತ ಅನಂತಪುರದ ಆರ್‌ಡಿಟಿ ಮೈದಾನದಲ್ಲಿ 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯೇ ನಡೆಯಿತು. ಇತ್ತ ಪುಟ್ಟಪರ್ತಿಯಲ್ಲಿ ಹಿಲ್ ವ್ಯೂ ಸ್ಟೇಡಿಯಂ ಇದೆ. ಎರಡನ್ನೂ ಕಟ್ಟಿದ್ದು ಟ್ರಸ್ಟುಗಳು. ಸರ್ಕಾರದ್ದು ಎಂದು ನಮ್ಮ ಕಡೆ ಇರುವುದು ಶಾಲೆಯ ಹಿಂದಿನ ಬಯಲು, ಅದಕ್ಕೊಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು, ಗೇಟಿಗೊಂದು ಬೀಗ.

ಆ ಬೀಗದ ಮಾತಿಗೆ ಬಂದೆ. ತಾತ ಬದುಕಿರುವವರೆಗೆ ಬೀಗದ ಕೈ ಅವರ ಸೊಂಟದ ದಾರದಲ್ಲಿ ಇರುತ್ತಿತ್ತು. ಯಾರು ಕೊಟ್ಟರು, ಯಾವ ಆದೇಶದ ಮೇಲೆ, ಯಾವ ದಾಖಲೆಯೂ ಇಲ್ಲ. ನಾಲ್ಕೈದು ಹೆಡ್‌ಮಾಸ್ತರರು ಬಂದರು, ಹೋದರು, ಕೈ ಅಲ್ಲೇ ಇತ್ತು. ಅವರು ಹೋದ ಮೇಲೆ ಹೊಸ ಬೀಗ ಬಿತ್ತು. ಶಾಲೆಯ ಆಸ್ತಿಗೆ ಹೊಣೆಗಾರರು ಬೇಕಲ್ಲ, ಸಂಜೆ ಹೊತ್ತು ಏನಾದರೂ ಆದರೆ ಯಾರು ಜವಾಬ್ದಾರರು ಎಂದರು ಹೆಡ್‌ಮಾಸ್ತರರು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಆ ಮೇಷ್ಟ್ರಲ್ಲ, ನೀವು. ಈಗ ಹುಡುಗರು ಗೋಡೆ ಹಾರಿ ಒಳಗೆ ಹೋಗುತ್ತಾರೆ. ಹೆಣ್ಣುಮಕ್ಕಳು ಹಾರುವುದಿಲ್ಲ. ಅವರ ಆಟದ ದಿನ ಹಾಗೆಯೇ ನಿಂತುಹೋಯಿತು.

ಹೊಸ ಯೋಜನೆ ಬೇಡ, ಹೊಸ ಹೆಸರು ಬೇಡ, ಅದಕ್ಕೊಂದು ಲೋಗೋ ಅಂತೂ ಖಂಡಿತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆಸಿ ನೋಡಿ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎಂದಿದೆ. ಆರರಿಂದ ಎಂಟನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದೂ ಇದೆ. ಅರೆಕಾಲಿಕ ಎಂಬ ಆ ಪದದೊಳಗೆ ಒಬ್ಬ ಮಾಜಿ ಸೈನಿಕ ಆರಾಮಾಗಿ ಕೂರುತ್ತಾನೆ. ತರಬೇತಿ ಆಗಿದೆ, ಬೆಳಿಗ್ಗೆ ಐದಕ್ಕೆ ಏಳುವ ರೂಢಿ ಇದೆ, ಊರಿನಲ್ಲೇ ಮನೆ ಇದೆ. ಮಂಡಲಕ್ಕೆ ಎಷ್ಟು ಜನ ಇದ್ದಾರೆ ಎಂಬ ಪಟ್ಟಿಯೂ ಸರ್ಕಾರದ ಬಳಿಯೇ ಇರಬೇಕು, ಪಿಂಚಣಿ ಹೋಗುತ್ತದಲ್ಲ. ಅವರನ್ನು ನೇಮಿಸಿ, ಗೌರವಧನ ಕೊಡಿ, ಸಂಜೆಯ ಹೊಣೆಯನ್ನು ಬರಹದಲ್ಲಿ ವಹಿಸಿ ಗೇಟಿನ ಕೈಯನ್ನು ಅವರಿಗೆ ಕೊಡಿ. ಅಗ್ನಿವೀರರು ಊರಿಗೆ ಬಂದಾಗ ಅವರಿಗೂ ಇದೇ ಬಾಗಿಲು ತೆರೆದಿರಲಿ. ಕನ್ನಡ ಶಾಲೆಗಳಿರುವ ಗಡಿ ಮಂಡಲಗಳಲ್ಲಿ ಕನ್ನಡ ಬಲ್ಲವರನ್ನೇ ನೋಡಿ. ಬೆಂಗಳೂರಿನ ಸರ್ಕಾರಕ್ಕೂ ಇದರ ಪ್ರತಿ ಕಳುಹಿಸುತ್ತಿದ್ದೇನೆ. ಗಡಿನಾಡ ಕನ್ನಡಿಗರು ಎಂದರೆ ನವೆಂಬರ್ ಒಂದನೇ ತಾರೀಕು ಶಾಲು ಹೊದಿಸಿಕೊಳ್ಳುವವರು ಎಂದಷ್ಟೇ ಅವರು ತಿಳಿದಿರುವಂತಿದೆ.

ಒಂದು ಮಾತನ್ನು ಮುಚ್ಚಿಡಬಾರದು. ಮಾಜಿ ಸೈನಿಕರೆಲ್ಲ ಮಿಲ್ಟ್ರಿ ತಾತನಂಥವರಲ್ಲ. ಕೋಟಾ ಬಾಟಲಿಯ ಜೊತೆ ಸಂಜೆ ಕಳೆಯುವವರಿದ್ದಾರೆ, ಊರಿನವರನ್ನೆಲ್ಲ ರಂಗರೂಟು ಎಂದುಕೊಂಡು ಗದರಿಸುವವರಿದ್ದಾರೆ. ಮಕ್ಕಳ ಜೊತೆ ಬಿಡುವ ಮುಂಚೆ ಯಾರನ್ನಾದರೂ ವಿಚಾರಿಸಲೇಬೇಕು, ಶಾಲಾ ಸಮಿತಿಯ ಕಣ್ಣು ಇರಲೇಬೇಕು. ಶಾಲೆಯನ್ನು ಬ್ಯಾರಕ್ಕು ಮಾಡಿ ಎಂದೂ ನಾನು ಹೇಳುತ್ತಿಲ್ಲ. ನಮ್ಮ ತಾತ ಹುಡುಗರಿಗೆ ಎಂದೂ ಕವಾಯತು ಹೇಳಿಕೊಡಲಿಲ್ಲ. ಪೊಲೀಸು, ಮಿಲಿಟರಿ ಸೇರಿ ಎಂದು ಒತ್ತಾಯ ಮಾಡಿದ್ದೂ ಇಲ್ಲ. ಅವರ ಹುಡುಗರಲ್ಲಿ ಹೆಚ್ಚಿನವರು ಈಗ ನೇಯ್ಗೆಯವರು, ಡ್ರೈವರುಗಳು, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರುಗಳು. ರಾಜ್ಯ ತಂಡಕ್ಕೆ ಒಬ್ಬನೂ ಹೋಗಲಿಲ್ಲ. ಪದಕದ ಲೆಕ್ಕದಲ್ಲಿ ತಾತನ ನಲವತ್ತಮೂರು ವರ್ಷ ಸೊನ್ನೆ. ನಿಮ್ಮ ಕ್ರೀಡಾ ಇಲಾಖೆಗೆ ಈ ಸೊನ್ನೆಯನ್ನು ಓದಲು ಬರುವವರು ಬೇಕಾಗಿದ್ದಾರೆ. ಅವರು ಸತ್ತ ದಿನ ಹಿಂದೂಪುರ, ಕಲ್ಯಾಣದುರ್ಗ, ಬೆಂಗಳೂರಿನಿಂದ ಬೈಕುಗಳಲ್ಲಿ ಬಂದ ಗಂಡಸರನ್ನು ನಾನು ಎಣಿಸಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಅವರಲ್ಲಿ ಯಾರೋ ಶಾಲೆಯ ಗೇಟಿನ ಮುಂದೆ ಚಟ್ಟ ನಿಲ್ಲಿಸಿ ಎಂದರು. ನಿಲ್ಲಿಸಿದೆವು. ಬೀಗ ಹಾಕಿತ್ತು. ಒಬ್ಬ ಗೋಡೆ ಹಾರಿ ಹೋಗಿ ಅಂಕಣದ ಒಂದು ಹಿಡಿ ಮಣ್ಣು ತಂದ. ಅವನಿಗೆ ಐವತ್ತು ದಾಟಿತ್ತು.

ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಬರುತ್ತದೆ. ನಿಮ್ಮ ಅಂಗಿಗೆ ಅಧಿಕಾರಿಗಳು ಪುಟ್ಟ ಬಾವುಟ ಚುಚ್ಚುತ್ತಾರೆ, ನೀವು ಡಬ್ಬಿಗೆ ಹಣ ಹಾಕುತ್ತೀರಿ, ಫೋಟೋ ಬರುತ್ತದೆ. ಆ ಹೊತ್ತಿಗೆ ಎದುರಿಗಿರುವ ಅಧಿಕಾರಿಯನ್ನು, ನಿನ್ನ ಜಿಲ್ಲೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಆಟ ಕಲಿಸುವ ಮಾಜಿ ಸೈನಿಕರು ಎಷ್ಟು ಜನ ಎಂದು ಕೇಳಿ. ಅಂಕಿಅಂಶದ ಮುಖ್ಯಮಂತ್ರಿ ಎಂದೇ ನಿಮಗೆ ಹೆಸರು, ಡ್ಯಾಶ್‌ಬೋರ್ಡಿನಲ್ಲಿ ಬೇಕಾದ್ದೆಲ್ಲ ಕಾಣಿಸುತ್ತದಂತೆ. ಈ ಒಂದು ಅಂಕಿ ಸಿಕ್ಕರೆ ನಮಗೂ ತಿಳಿಸಿ.

ಹಗ್ಗ ತಾತನ ಮೊಮ್ಮಗನ ಬಳಿ ಇದೆ. ವಿಷಲ್ಲನ್ನು ಅವರ ಜೊತೆಗೇ ಇಟ್ಟೆವು. ನೆಟ್ಟು ಮಾತ್ರ ನಮ್ಮ ಮನೆಯ ಅಟ್ಟದ ಮೇಲಿದೆ, ಇಲಿ ಕಡಿಯದಂತೆ ಅದೇ ಕಪ್ಪು ಟ್ರಂಕಿನಲ್ಲಿ. ಎರಡು ಕಡೆ ಹರಿದಿದೆ, ಗಂಟು ಹಾಕಿಕೊಂಡರೆ ಇನ್ನೂ ಐದಾರು ವರ್ಷ ಬರುತ್ತದೆ. ಯಾರ ಕೈಗೆ ಕೊಡಬೇಕು ಎಂದು ಒಂದು ಸಾಲು ಬರೆದರೆ ಸಾಕು, ನಾನೇ ತಂದುಕೊಡುತ್ತೇನೆ.

ಇಂತಿ,
ಪರಿಗಿಯ ಒಬ್ಬ ಕನ್ನಡಿಗ